ಲಡಾಖ್: ಬೆಟ್ಟಗಳು ಮುಚ್ಚದ ದಾರಿಗಳು



ಕಳೆದ ವರ್ಷ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಹಿಂದೆ ಹಿಮ ಹೊದ್ದ ಬೆಟ್ಟಗಳು, ಮುಂದೆ ಬಿಳಿ ಮರಳು, ಆ ಮರಳಿನ ಮೇಲೆ ಎರಡು ಡುಬ್ಬಗಳ ಒಂಟೆಗಳ ಸಾಲು. ಕೆಳಗೆ ಲಡಾಖಿನ ನುಬ್ರಾ ಕಣಿವೆ ಎಂದು ಅಚ್ಚಾಗಿತ್ತು. "ಸರ್, ಒಂಟೆ ಮರುಭೂಮಿಯ ಪ್ರಾಣಿ ಅಂತ ನೀವೇ ಹೇಳಿದ್ರಿ. ಹಿಮದ ಊರಲ್ಲಿ ಇವಕ್ಕೇನು ಕೆಲಸ?" ಎಂದು ಕೇಳಿದ. ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲು ಮೂರು ತಿಂಗಳು ಹಿಡಿಯಿತು. ಉತ್ತರ ಹುಡುಕುತ್ತ ಹೋದಂತೆ, ಭೂಪಟದ ತುದಿಯಲ್ಲಿ ಕಂದು ಬಣ್ಣ ಬಳಿದುಕೊಂಡು ಸುಮ್ಮನೆ ಕುಳಿತಿರುವ ಆ ನಾಡಿನ ಚರಿತ್ರೆ ನನ್ನನ್ನು ಹಿಡಿದು ಕೂರಿಸಿತು. ಹುಡುಗನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ನೆಲದ ಮಾತು. ಭಾರತದ ಆಡಳಿತದಲ್ಲಿರುವ ಲಡಾಖಿನ ವಿಸ್ತೀರ್ಣ 59,146 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ಆದರೆ 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು 2,74,289 ಜನ ಮಾತ್ರ. ಇವರಲ್ಲಿ ಮುಸ್ಲಿಮರು ಶೇಕಡಾ 46ರಷ್ಟು, ಬೌದ್ಧರು ಶೇಕಡಾ 40ರಷ್ಟು. ಲೇಹ್ ಕಡೆ ಬೌದ್ಧರು ಹೆಚ್ಚು, ಕಾರ್ಗಿಲ್ ಕಡೆ ಮುಸ್ಲಿಮರು, ಅದರಲ್ಲೂ ಶಿಯಾ ಪಂಥದವರು ಹೆಚ್ಚು. ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಹೊಸದಾಗಿ ವಿಮಾನದಲ್ಲಿ ಇಳಿದವರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಗಾಳಿಯೇ ಅಲ್ಲಿ ತೆಳು.

ಇಷ್ಟು ಹಿಮ ಇರುವಲ್ಲಿ ನೀರಿಗೇನು ಕೊರತೆ ಎಂದು ತಾವು ಕೇಳಬಹುದು. ಅಲ್ಲೇ ಇರುವುದು ವಿಚಿತ್ರ. ನಮ್ಮ ಕಡೆಯಿಂದ ಹೊರಟ ಮುಂಗಾರಿನ ಮೋಡಗಳೆಲ್ಲ ಹಿಮಾಲಯದ ದಕ್ಷಿಣದ ಇಳಿಜಾರಿನಲ್ಲೇ ಬರಿದಾಗುತ್ತವೆ. ಬೆಟ್ಟದ ಆಚೆಗೆ ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎರಡೂ ಸೇರಿ ಸುಮಾರು 100 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದೇ ದಿನದಲ್ಲಿ ಅಷ್ಟು ಸುರಿಯುವುದುಂಟು! ಹಾಗಾಗಿ ಲಡಾಖ್ ಎಂದರೆ ಚಳಿಯ ಮರುಭೂಮಿ. ಸಿಂಧೂ, ಶ್ಯೋಕ್, ಸುರು, ಝಂಸ್ಕಾರ್‌ನಂಥ ನದಿಗಳು ಅಲ್ಲಿ ಹರಿಯುತ್ತವೆ ನಿಜ. ಆದರೆ ಅವು ಆಳದ ಕಮರಿಗಳಲ್ಲಿ ಹರಿಯುವುದರಿಂದ ಬಹುತೇಕ ಹಳ್ಳಿಗಳ ಹೊಲಕ್ಕೆ ಅವುಗಳ ನೀರು ಹತ್ತುವುದಿಲ್ಲ. ಹಳ್ಳಿಗಳು ಬದುಕುವುದು ಮೇಲಿನ ಹಿಮನದಿ ಕರಗಿ ಇಳಿಯುವ ಸಣ್ಣ ತೊರೆಗಳ ಮೇಲೆ. ತೊರೆ ಇದ್ದಲ್ಲಿ ಹಳ್ಳಿ, ತೊರೆಯಿಂದ ಕಾಲುವೆ ತಲುಪುವಷ್ಟು ದೂರ ಹಸಿರು. ಅಲ್ಲಿಂದ ಒಂದು ಮಾರು ಆಚೆಗೆ ಬರೀ ಕಲ್ಲು. ಚಿತ್ರಗಳಲ್ಲಿ ನೋಡಿ, ಯಾರೋ ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಹಸಿರು ಅಲ್ಲಿಗೇ ನಿಂತುಬಿಡುತ್ತದೆ.

ಈ ನೀರನ್ನು ಹಂಚಿಕೊಳ್ಳುವ ರೀತಿಯೇ ಆ ಸಮಾಜದ ಅಡಿಪಾಯ. ಅನೇಕ ಹಳ್ಳಿಗಳಲ್ಲಿ ಚುರ್ಪೋನ್ ಎಂಬ ಒಬ್ಬ ಮನುಷ್ಯನಿರುತ್ತಾನೆ. ಚು ಎಂದರೆ ನೀರು, ಪೋನ್ ಎಂದರೆ ಒಡೆಯ. ನಮ್ಮ ಕೆರೆಗಳ ಕೆಳಗಿನ ನೀರುಗಂಟಿಯನ್ನು ನೆನಪಿಸಿಕೊಳ್ಳಿ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸುವವನು ಅವನೇ. ಕಾಲುವೆಯ ಬಾಯಿಗೆ ಕಲ್ಲು, ಹುಲ್ಲುಹೆಂಟೆ ಒತ್ತಿ ಮುಚ್ಚುತ್ತಾನೆ, ಸಮಯ ಬಂದಾಗ ತೆಗೆಯುತ್ತಾನೆ. ಹಿಂದೆ ಅವನ ಕೂಲಿ ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಸಲ್ಲುತ್ತಿತ್ತು. ಉರ್ದು ಕಲಿಸುವವನಾದ ನನಗೆ ಇಲ್ಲಿ ಸಂತೋಷ ತಂದ ಸಂಗತಿ ಒಂದಿದೆ. 20ನೆಯ ಶತಮಾನದ ಆರಂಭದಲ್ಲಿ ಡೋಗ್ರಾ ಸರಕಾರ ಭೂಮಿಯ ಬಂದೋಬಸ್ತು ಮಾಡಿದಾಗ ಈ ನೀರಿನ ಪದ್ಧತಿಗಳನ್ನೂ ದಾಖಲೆ ಮಾಡಿತು. ಆ ದಾಖಲೆಯ ಹೆಸರು ರಿವಾಜ್-ಎ-ಆಬ್‌ಪಾಶಿ, ಅಂದರೆ ನೀರಾವರಿಯ ಸಂಪ್ರದಾಯಗಳು. ಟಿಬೆಟಿನ ಕಡೆಯ ಭಾಷೆಯಾಡುವ ರೈತನ ನೀರಿನ ಹಕ್ಕು ಉರ್ದು ಅಕ್ಷರದಲ್ಲಿ ಕುಳಿತಿದೆ.

ಬೇಸಾಯಕ್ಕೆ ಸಿಗುವುದು ವರ್ಷದಲ್ಲಿ ನಾಲ್ಕೈದು ತಿಂಗಳು. ಎತ್ತರದ ಹಳ್ಳಿಗಳಲ್ಲಿ ಒಂದೇ ಬೆಳೆ, ಅದು ಹೆಚ್ಚಾಗಿ ಬಾರ್ಲಿ, ಅಂದರೆ ಜವೆಗೋಧಿ. ತೊಂದರೆ ಎಂದರೆ ಬಿತ್ತನೆಯ ಕಾಲಕ್ಕೆ, ಏಪ್ರಿಲ್ ಮೇ ತಿಂಗಳಲ್ಲಿ, ಎತ್ತರದ ಹಿಮನದಿ ಇನ್ನೂ ಕರಗಿರುವುದಿಲ್ಲ. ಅದು ಕರಗುವ ಹೊತ್ತಿಗೆ ಬಿತ್ತನೆಯ ಹದ ತಪ್ಪಿರುತ್ತದೆ. ಇದಕ್ಕೆ ದಾರಿ ಹುಡುಕಿದವರು ಚೆವಾಂಗ್ ನೋರ್ಫೆಲ್ ಎಂಬ ಇಂಜಿನಿಯರು. ಚಳಿಗಾಲದಲ್ಲಿ ನಲ್ಲಿಯಿಂದ ಸುಮ್ಮನೆ ಹರಿದುಹೋಗುತ್ತಿದ್ದ ನೀರು ಮರದ ನೆರಳಿನಲ್ಲಿ ನಿಧಾನಗೊಂಡು ಹೆಪ್ಪುಗಟ್ಟಿದ್ದನ್ನು ಅವರು ಕಂಡರಂತೆ. ತೊರೆಯ ನೀರನ್ನೂ ಹಳ್ಳಿಯ ಮೇಲ್ಗಡೆಯ ನೆರಳಿಗೆ ತಿರುಗಿಸಿ, ಕಲ್ಲಿನ ಒಡ್ಡುಗಳಲ್ಲಿ ನಿಧಾನಗೊಳಿಸಿ ಹೆಪ್ಪುಗಟ್ಟಿಸಿದರೆ ಬೇಸಿಗೆಯ ಮೊದಲಲ್ಲೇ ಅದು ಕರಗಿ ಸಿಗುತ್ತದೆ ಎಂದು ಲೆಕ್ಕ ಹಾಕಿದರು. 1980ರ ದಶಕದ ಕೊನೆಯಿಂದ ಇಂಥ ಕೃತಕ ಹಿಮನದಿಗಳನ್ನು ಕಟ್ಟುತ್ತ ಬಂದರು. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಯಂತ್ರವಿಲ್ಲ, ಸಿಮೆಂಟು ಹೆಚ್ಚಿಲ್ಲ. ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮನೆಗಳನ್ನು ನೋಡಿ. ಕಲ್ಲಿನ ತಳಪಾಯ, ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ, ಪಾಪ್ಲರ್ ಮರದ ತೊಲೆ, ಅದರ ಮೇಲೆ ವಿಲೋ ಮರದ ಕಡ್ಡಿಗಳು, ಅದರ ಮೇಲೆ ಮಣ್ಣು. ಬಯಲುಸೀಮೆಯ ನಮ್ಮ ಮಾಳಿಗೆ ಮನೆಗಳ ದೂರದ ನೆಂಟರು ಎನ್ನಬಹುದು. ಮಳೆಯೇ ಇಲ್ಲದ ಮೇಲೆ ಇಳಿಜಾರಿನ ಮಾಡು ಯಾಕೆ? ಮಾಳಿಗೆಯ ಮೇಲೆ ಹುಲ್ಲು, ಸಗಣಿಯ ಬೆರಣಿ, ಒಣಗಲು ಹರಡಿದ ಹಣ್ಣು. ಕೆಳಗಿನ ಅಂತಸ್ತಿನಲ್ಲಿ ದನ, ಕುರಿ, ಮತ್ತು ಯಾಕ್-ಹಸುಗಳ ಮಿಶ್ರತಳಿಯಾದ ಝೋ. ಚಳಿಗಾಲದಲ್ಲಿ ಪ್ರಾಣಿಗಳ ಮೈಬಿಸಿಯೂ ಮನೆಯವರಿಗೆ ಆಸರೆ. ಕಾರ್ಗಿಲ್ ಬಳಿಯ ದ್ರಾಸ್‌ನಲ್ಲಿ ಚಳಿಗಾಲದ ಉಷ್ಣತೆ ಸೊನ್ನೆಗಿಂತ 20, 30 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಆ ತಿಂಗಳುಗಳಲ್ಲಿ ಇಡೀ ಸಂಸಾರ ಅಡುಗೆಮನೆಯ ಒಲೆಯ ಸುತ್ತಲೇ ಇರುತ್ತದೆ. ಉಣ್ಣೆ ನೂಲುವುದು, ಕಂಬಳಿ ನೇಯುವುದು, ಕಥೆ ಹೇಳುವುದು. ಕೇಸರ್ ಎಂಬ ವೀರನ ದೊಡ್ಡ ಕಥೆಯನ್ನು ಬೌದ್ಧರೂ ಮುಸ್ಲಿಮರೂ ಹಾಡುತ್ತ ಬಂದಿದ್ದಾರೆ. ನಮ್ಮಲ್ಲಿ ಒಂದೇ ಮಾದೇಶ್ವರನ ಕಥೆಯನ್ನು ಊರಿನ ಎಲ್ಲರೂ ಕೂತು ಕೇಳುವುದಿಲ್ಲವೇ, ಹಾಗೆ.

ಊಟದ ವಿಷಯಕ್ಕೆ ಬಂದರೆ ಮೊದಲ ಹೆಸರು ಹುರಿಹಿಟ್ಟಿನದು. ಬಾರ್ಲಿಯನ್ನು ಹುರಿದು, ನೀರಿನಿಂದ ತಿರುಗುವ ಕಲ್ಲಿನಲ್ಲಿ ಬೀಸಿ ಮಾಡಿದ ಈ ಹಿಟ್ಟನ್ನು ಬೇಯಿಸಬೇಕಾಗಿಲ್ಲ. ಸೌದೆ ಅಪರೂಪವಾದ ನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಪ್ರಯಾಣಿಕನ ಚೀಲದಲ್ಲಿ ಹಿಟ್ಟು, ಸೊಂಟದಲ್ಲಿ ಬಟ್ಟಲು ಇದ್ದರೆ ಸಾಕು. ಚಹಾ ಎಂದರೆ ಅಲ್ಲಿ ಉಪ್ಪಿನ ಚಹಾ. ಎಲೆಯನ್ನು ಸೋಡಾ ಹಾಕಿ ಚೆನ್ನಾಗಿ ಕುದಿಸಿ, ಉಪ್ಪು, ಬೆಣ್ಣೆ ಸೇರಿಸಿ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಕಡೆಯುವಾಗ ಬರುವ ಸದ್ದಿನಿಂದಲೇ ಅದಕ್ಕೆ ಗುರ್‌ಗುರ್ ಚಹಾ ಎಂಬ ಹೆಸರು. ಕೆಳಗಿನ ಬೆಚ್ಚನೆಯ ಕಣಿವೆಗಳಲ್ಲಿ, ಕಾರ್ಗಿಲ್, ನುಬ್ರಾ ಕಡೆ, ಖುಬಾನಿ ಹಣ್ಣು ಹೇರಳ. ಅಲ್ಲಿನವರು ಅದನ್ನು ಚುಲಿ ಎನ್ನುತ್ತಾರೆ. ಹಣ್ಣನ್ನು ಒಣಗಿಸಿ ಚಳಿಗಾಲಕ್ಕೆ ಇಡುತ್ತಾರೆ, ಬೀಜದ ತಿರುಳಿನಿಂದ ಎಣ್ಣೆ ತೆಗೆಯುತ್ತಾರೆ, ಓಟೆಯ ಚಿಪ್ಪನ್ನು ಒಲೆಗೆ ಹಾಕುತ್ತಾರೆ. ಬಿಸಾಡುವುದು ಏನೂ ಇಲ್ಲ.

ಇಷ್ಟು ಓದಿದ ಮೇಲೆ, ಇವರು ಬೆಟ್ಟಗಳ ನಡುವೆ ಬಾಗಿಲು ಹಾಕಿಕೊಂಡು ಬದುಕಿದ ಜನ ಎಂದು ತಮಗನಿಸಬಹುದು. ನನಗೂ ಹಾಗೇ ಅನಿಸಿತ್ತು. ಚರಿತ್ರೆ ಹೇಳುವುದು ಬೇರೆಯೇ. ಲಡಾಖಿ ಭಾಷೆಯಲ್ಲಿ ಲಾ ಎಂದರೆ ಘಾಟಿ. (ಕನ್ನಡದ ಘಾಟಿ ಎಂಬ ಅರ್ಥದಲ್ಲಿ ಹೇಳುತ್ತಿದ್ದೇನೆ, ಬೆಟ್ಟ ದಾಟುವ ದಾರಿ. ಉರ್ದುವಿನಲ್ಲಿ ಘಾಟಿ ಎಂದರೆ ಕಣಿವೆ. ಎರಡೂ ಭಾಷೆ ಕಲಿಸುವವರು ಇಲ್ಲಿ ಎಡವುತ್ತೇವೆ!) ಪಶ್ಚಿಮಕ್ಕೆ ಕಾಶ್ಮೀರದ ಕಡೆ ಝೋಜಿ ಲಾ, ಉತ್ತರಕ್ಕೆ ಖರ್ದುಂಗ್ ಲಾ, ಸಾಸೇರ್ ಲಾ, ಅದರಾಚೆ 18,176 ಅಡಿ ಎತ್ತರದ ಕಾರಾಕೋರಂ ಘಾಟಿ. ಇದನ್ನು ದಾಟಿದರೆ ಚೀನಾದ ಯಾರ್ಕಂದ್, ಕಾಶ್ಗರ್. ಪೂರ್ವಕ್ಕೆ ನಡೆದರೆ ತಿಂಗಳುಗಳ ದಾರಿಯಲ್ಲಿ ಲಾಸಾ. ವಾಯವ್ಯಕ್ಕೆ ಸಿಂಧೂ ನದಿಯ ಗುಂಟ ಇಳಿದರೆ ಸ್ಕರ್ದು, ಬಾಲ್ಟಿಸ್ತಾನದ ಮುಖ್ಯ ಪಟ್ಟಣ. ಈ ನಾಲ್ಕೂ ದಾರಿಗಳು ಬಂದು ಕೂಡುತ್ತಿದ್ದುದು ಲೇಹ್‌ನ ಬಜಾರಿನಲ್ಲಿ. ಭೂಪಟದ ತುದಿ ಎಂದು ನಾವು ತಿಳಿದ ಊರು ಒಂದು ಕಾಲಕ್ಕೆ ನಾಲ್ಕು ನಾಡುಗಳ ನಡುಮನೆಯಾಗಿತ್ತು.

ಅರಮನೆಗಳೂ ಈ ದಾರಿಗಳಲ್ಲೇ ನೆಂಟಸ್ತಿಕೆ ಬೆಳೆಸಿದವು. ಲೇಹ್‌ನಲ್ಲಿ ಇಂದಿಗೂ ನಿಂತಿರುವ ಒಂಬತ್ತು ಅಂತಸ್ತಿನ ಅರಮನೆಯನ್ನು ಕಟ್ಟಿಸಿದವನು 17ನೆಯ ಶತಮಾನದ ಬೌದ್ಧ ದೊರೆ ಸೆಂಗೆ ನಾಮ್‌ಗ್ಯಾಲ್. ಅವನ ತಾಯಿ ಗ್ಯಾಲ್ ಖಾತೂನ್ ಬಾಲ್ಟಿಸ್ತಾನದ ಮುಸ್ಲಿಂ ರಾಜಕುಮಾರಿ. ಯುದ್ಧದಲ್ಲಿ ಸೋತ ಲಡಾಖಿನ ರಾಜನೊಂದಿಗೆ ನಡೆದ ಮದುವೆ ಅದು. ಆಕೆ ತನ್ನ ಧರ್ಮವನ್ನು ಬಿಡಲಿಲ್ಲ ಎಂದೂ, ಬೌದ್ಧ ಪ್ರಜೆಗಳು ಆಕೆಯನ್ನು ತಾರಾದೇವಿಯ ಅಂಶವೆಂದು ಗೌರವಿಸಿದರೆಂದೂ ಪರಂಪರೆ ಹೇಳುತ್ತದೆ. ಅರಮನೆಯ ಕೆಳಗೇ ಇರುವ ಜಾಮಿಯಾ ಮಸೀದಿ 1666-67ರಲ್ಲಿ, ಔರಂಗಜೇಬನೊಡನೆ ಆದ ಒಪ್ಪಂದದ ನಂತರ ಕಟ್ಟಿದ್ದು. 1684ರಲ್ಲಿ ಟಿಬೆಟಿನೊಂದಿಗೆ ಆದ ತಿಂಗ್ಮೊಸ್ಗಾಂಗ್ ಒಪ್ಪಂದದ ಪ್ರಕಾರ ಮೂರು ವರ್ಷಕ್ಕೊಮ್ಮೆ ಲೇಹ್‌ನಿಂದ ಲಾಸಾಕ್ಕೆ ಲೋಪ್‌ಚಕ್ ಎಂಬ ಕಾಣಿಕೆಯ ತಂಡ ಹೋಗಬೇಕಿತ್ತು. ಲಾಸಾದಿಂದ ಪ್ರತಿವರ್ಷ ಚಹಾ ಹೊತ್ತ ತಂಡ ಬರಬೇಕಿತ್ತು. ಬೌದ್ಧ ಗುರುಗಳಿಗೆ ಸಲ್ಲುವ ಆ ಕಾಣಿಕೆಯ ತಂಡವನ್ನು ಬಹುಕಾಲ ಮುನ್ನಡೆಸಿದವರು ಲೇಹ್‌ನ ಮುಸ್ಲಿಂ ವರ್ತಕರಾದ ಖ್ವಾಜಾ ಮನೆತನದವರು. 1940ರ ದಶಕದವರೆಗೂ ಇದು ನಡೆಯಿತು. ಕಾಶ್ಮೀರದಿಂದ, ಯಾರ್ಕಂದ್‌ನಿಂದ ವ್ಯಾಪಾರಕ್ಕೆ ಬಂದು ಲಡಾಖಿ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆಸಿದವರ ಸಂತತಿಯನ್ನು ಅರ್ಗೋನ್ ಎಂದು ಕರೆಯುತ್ತಾರೆ. ಮನೆಯಲ್ಲಿ ಲಡಾಖಿ, ಅಂಗಡಿಯಲ್ಲಿ ಉರ್ದು, ದಾರಿಯಲ್ಲಿ ತುರ್ಕಿ ಮಾತಾಡುವ ಜನ.

ಯಾರ್ಕಂದ್ ದಾರಿಯ ಕಷ್ಟವನ್ನು ಊಹಿಸುವುದೂ ಕಷ್ಟ. ಲೇಹ್‌ನಿಂದ ತಿಂಗಳಿಗೂ ಮೀರಿದ ಪ್ರಯಾಣ. ದಿನಗಟ್ಟಲೆ ಹುಲ್ಲಿಲ್ಲ, ಸೌದೆಯಿಲ್ಲ. ಸತ್ತ ಕುದುರೆಗಳ ಎಲುಬುಗಳೇ ದಾರಿ ತೋರಿಸುತ್ತಿದ್ದವು ಎಂದು ಆ ಕಾಲದ ಪ್ರವಾಸಿಗರು ಬರೆದಿದ್ದಾರೆ. ಆದರೂ ಹತ್ತಿ ಬಟ್ಟೆ, ಮಸಾಲೆ, ನೀಲಿ, ಹವಳ ಉತ್ತರಕ್ಕೆ ಹೋದವು. ರೇಷ್ಮೆ, ಜಮಖಾನೆ, ನಮ್ದಾ, ಚರಸ್, ಕುದುರೆಗಳು ದಕ್ಷಿಣಕ್ಕೆ ಬಂದವು. ಯಾರ್ಕಂದ್ ಕಡೆಯ ಹಾಜಿಗಳು ಇದೇ ಘಾಟಿಗಳನ್ನು ದಾಟಿ, ಲೇಹ್‌ನಲ್ಲಿ ತಂಗಿ, ಕಾಶ್ಮೀರಕ್ಕೆ ಇಳಿದು, ಸಮುದ್ರ ತಲುಪಿ ಮಕ್ಕಾಕ್ಕೆ ಹೋಗುತ್ತಿದ್ದರು. ಹಜ್ ಮುಗಿಸಿ ಬಂದವರು ಮತ್ತೆ ಅದೇ ಹಿಮ ಹತ್ತಬೇಕು. ನಮ್ಮ ಇಂದಿನ ಹಾಜಿಗಳು ಕೆಲವು ಗಂಟೆಗಳಲ್ಲಿ ಜಿದ್ದಾದಲ್ಲಿ ಇಳಿಯುವುದನ್ನು ನೋಡುವಾಗ ನನಗೆ ಇವರ ನೆನಪಾಗುತ್ತದೆ. 1870ರಲ್ಲಿ ಬ್ರಿಟಿಷರೂ ಕಾಶ್ಮೀರದ ಮಹಾರಾಜ ರಣಬೀರ್ ಸಿಂಗನೂ ಒಪ್ಪಂದ ಮಾಡಿಕೊಂಡು ಈ ವ್ಯಾಪಾರಕ್ಕೆ ಜಂಟಿ ಕಮಿಷನರುಗಳನ್ನು ನೇಮಿಸಿದರು.

ಈ ದಾರಿಯ ಮಕ್ಕಳಲ್ಲಿ ಒಬ್ಬನ ಹೆಸರನ್ನು ತಾವೆಲ್ಲ ಕೇಳಿದ್ದೀರಿ, ಅವನದೆಂದು ತಿಳಿಯದೆ. ಲೇಹ್‌ನ ಬಡ ಮನೆಯಲ್ಲಿ ಹುಟ್ಟಿದ ಗುಲಾಂ ರಸೂಲ್ ಗಲ್ವಾನ್ ಚಿಕ್ಕ ವಯಸ್ಸಿನಲ್ಲೇ ಯುರೋಪಿನ ಪ್ರವಾಸಿಗರ ಹಿಂದೆ ಕುದುರೆ ನಡೆಸುವ ಆಳಾಗಿ ಹೊರಟ. ದಾರಿಯಲ್ಲೇ ಮುರುಕು ಇಂಗ್ಲಿಷ್ ಕಲಿತ. ಕೊನೆಗೆ ಲೇಹ್‌ನ ಅಕ್ಸಕಾಲ್, ಅಂದರೆ ವರ್ತಕರ ಮುಖಂಡ, ಆದ. ಅವನು ತನ್ನ ಮಾತಿನಲ್ಲೇ ಬರೆದ ಆತ್ಮಕಥೆ 1923ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಸಾಹೇಬರುಗಳ ಸೇವಕ ಎಂಬುದು ಅದರ ಹೆಸರಿನ ಅರ್ಥ. ಅವನ ಹೆಸರನ್ನು ಹೊತ್ತ ಗಲ್ವಾನ್ ಕಣಿವೆಯಲ್ಲಿ 2020ರ ಜೂನ್ 15ರಂದು ನಮ್ಮ 20 ಯೋಧರು ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ ಪ್ರಾಣ ಕೊಟ್ಟರು. ಆ ವಾರವೆಲ್ಲ ದೂರದರ್ಶನದಲ್ಲಿ ಗಲ್ವಾನ್ ಎಂಬ ಹೆಸರು ಎಷ್ಟು ಸಲ ಬಂತೋ! ಅದು ಒಬ್ಬ ಕುದುರೆಯಾಳಿನ ಹೆಸರು ಎಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ.

ಭಾಷೆಯ ಮೇಷ್ಟ್ರಾದ್ದರಿಂದ ಭಾಷೆಯ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಲಡಾಖಿ, ಕಾರ್ಗಿಲ್ ಕಡೆಯ ಪುರ್ಗಿ, ಬಾಲ್ಟಿ ಎಲ್ಲವೂ ಟಿಬೆಟನ್ ಬಳಗದ ನುಡಿಗಳು. ಲಾಸಾದಲ್ಲಿ ಕುದುರೆಗೆ ಬರೀ ತ ಎನ್ನುತ್ತಾರೆ. ಆದರೆ ಬರವಣಿಗೆಯಲ್ಲಿ ಅದು ರ್ತ. ಲೇಹ್‌ನಲ್ಲಿ ಅದು ಸ್ತ, ಬಾಲ್ಟಿಯಲ್ಲಿ ಹ್ರ್ತ. ಅಕ್ಕಿಗೆ ಬಾಲ್ಟಿಯವರು ಬ್ರಸ್ ಎನ್ನುತ್ತಾರೆ, ಲೇಹ್‌ನವರು ಡಸ್ ಎನ್ನುತ್ತಾರೆ. ಟಿಬೆಟಿನ ಹಳೆಯ ಧರ್ಮಗ್ರಂಥಗಳಲ್ಲಿ ಬರೆದಿರುವ ಅಕ್ಷರಗಳನ್ನು ಲಾಸಾದವರು ಉಚ್ಚರಿಸುವುದನ್ನೇ ಬಿಟ್ಟರು. ಅವನ್ನು ನಾಲಿಗೆಯಲ್ಲಿ ಉಳಿಸಿಕೊಂಡವರು ಆ ಗ್ರಂಥಗಳನ್ನು ಓದದ ಬಾಲ್ಟಿಸ್ತಾನದ, ಕಾರ್ಗಿಲ್‌ನ ಮುಸ್ಲಿಂ ರೈತರು. ಹಳಗನ್ನಡದ ಪಾಲು, ಪುಲಿಗಳನ್ನು ಪಾಠ ಮಾಡುವಾಗ, ಇವನ್ನು ಹೀಗೇ ಆಡುವ ಒಂದು ಊರು ಇಂದಿಗೂ ಇದ್ದಿದ್ದರೆ ಎಂದು ಯೋಚಿಸಿ ನೋಡಿ! ಇನ್ನೊಂದು ಸಂಗತಿ. 1904ರಲ್ಲಿ ಲೇಹ್‌ನಲ್ಲಿ ಎ.ಎಚ್. ಫ್ರಾಂಕೆ ಎಂಬ ಜರ್ಮನ್ ಪಾದ್ರಿ ಟಿಬೆಟನ್ ಲಿಪಿಯಲ್ಲಿ ಪತ್ರಿಕೆ ಆರಂಭಿಸಿದರು. ಅದರ ಹೆಸರಿನಲ್ಲಿದ್ದುದು ಅಖ್ಬಾರ್ ಎಂಬ ಶಬ್ದ. ಲಡಾಖಿನ ಅಖ್ಬಾರ್! ಕ್ರೈಸ್ತ ಪಾದ್ರಿ, ಬೌದ್ಧರ ಲಿಪಿ, ನಮ್ಮ ಉರ್ದುವಿನ ಮಾತು.

ರಾಜಕೀಯದ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಜಮ್ಮುವಿನ ಗುಲಾಬ್ ಸಿಂಗನ ಸೇನಾಪತಿ ಜೋರಾವರ್ ಸಿಂಗ್ 1834ರಲ್ಲಿ ಲಡಾಖನ್ನು, 1840ರಲ್ಲಿ ಬಾಲ್ಟಿಸ್ತಾನವನ್ನು ಗೆದ್ದ. 1841ರ ಡಿಸೆಂಬರಿನಲ್ಲಿ ಟಿಬೆಟಿನ ಚಳಿಯಲ್ಲಿ ಹೋರಾಡುತ್ತ ಸತ್ತ. ಮುಂದೆ ಲೇಹ್, ಕಾರ್ಗಿಲ್, ಸ್ಕರ್ದು ಮೂರೂ ಸೇರಿ ಒಂದೇ ಜಿಲ್ಲೆ, ಲಡಾಖ್ ವಜಾರತ್, ಆಯಿತು. ಅದರ ಕಚೇರಿ ಬೇಸಿಗೆಯಲ್ಲಿ ಲೇಹ್‌ನಲ್ಲಿ, ಚಳಿಗಾಲದಲ್ಲಿ ಸ್ಕರ್ದುವಿನಲ್ಲಿ. ದಫ್ತರದ ಪೆಟ್ಟಿಗೆಗಳು ಕುದುರೆಯ ಮೇಲೆ ವರ್ಷಕ್ಕೆರಡು ಸಲ ಓಡಾಡುತ್ತಿದ್ದವು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1947ರಲ್ಲಿ ದೇಶ ಎರಡಾಯಿತು. ಗಿಲ್ಗಿಟ್ ಕಡೆಯಿಂದ ಬಂದ ಪಡೆಗಳು 1948ರ ಮೇ ತಿಂಗಳಲ್ಲಿ ಕಾರ್ಗಿಲನ್ನು, ಆಗಸ್ಟ್ 14ರಂದು ಆರು ತಿಂಗಳ ಮುತ್ತಿಗೆಯ ನಂತರ ಸ್ಕರ್ದುವನ್ನು ಹಿಡಿದವು. ಲೇಹ್ ಕೂಡ ಬೀಳುವ ಸ್ಥಿತಿ ಇತ್ತು. ಇಲ್ಲಿ ನಮ್ಮ ಕನ್ನಡ ನಾಡಿನ ಒಬ್ಬರು ಬರುತ್ತಾರೆ. ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಆಗ ಆ ಭಾಗದ ಸೈನ್ಯದ ಮುಖ್ಯಸ್ಥರು. ಲಡಾಖಿನವರೇ ಆದ ಇಂಜಿನಿಯರ್ ಸೋನಂ ನೋರ್ಬು ಲೇಹ್‌ನಲ್ಲಿ ಅವಸರದಿಂದ ಒಂದು ವಿಮಾನಪಟ್ಟಿ ಮಾಡಿಸಿದ್ದರು. 1948ರ ಮೇ 24ರಂದು ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದಾಗ ಅದರಲ್ಲಿ ತಿಮ್ಮಯ್ಯನವರೂ ಇದ್ದರು. ನವೆಂಬರ್ 1ರಂದು ಅವರು ಝೋಜಿ ಲಾ ಘಾಟಿಗೆ ಟ್ಯಾಂಕುಗಳನ್ನೇ ಹತ್ತಿಸಿದರು. ಸುಮಾರು 11,500 ಅಡಿಯ ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿಗಳು ಎಣಿಸಿರಲಿಲ್ಲ. ಅದೇ ತಿಂಗಳ ಕೊನೆಯ ಹೊತ್ತಿಗೆ ಕಾರ್ಗಿಲ್ ಮರಳಿ ಭಾರತದ ಕೈಗೆ ಬಂತು.

1949ರ ಜುಲೈ 27ರಂದು ಕರಾಚಿಯಲ್ಲಿ ಎರಡೂ ಕಡೆಯ ಅಧಿಕಾರಿಗಳು ಕದನವಿರಾಮದ ಗೆರೆ ಎಳೆದರು. ಗೆರೆ ಎನ್ಜೆ 9842 ಎಂಬ ಬಿಂದುವಿನವರೆಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಉತ್ತರಕ್ಕೆ ಹಿಮನದಿಗಳ ಕಡೆಗೆ ಎಂದಷ್ಟೇ ಬರೆದರು. ಮನುಷ್ಯರಿಲ್ಲದ ಮಂಜಿನ ಮೇಲೆ ಯಾರು ಜಗಳವಾಡುತ್ತಾರೆ ಎಂದುಕೊಂಡಿರಬೇಕು. 1984ರಿಂದ ಸಿಯಾಚಿನ್‌ನಲ್ಲಿ ಏನಾಯಿತು ಎಂಬುದು ತಮಗೆ ಗೊತ್ತು. ಅದೇ 1949ರಲ್ಲಿ ಚೀನಾದಲ್ಲಿ ಆಡಳಿತ ಬದಲಾಗಿ ಯಾರ್ಕಂದ್ ದಾರಿಯೂ ಮುಚ್ಚಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಲಾಸಾದ ದಾರಿಯೂ ಹೋಯಿತು. ಸಾವಿರಾರು ವರ್ಷ ಹಿಮ ಸುರಿದು ಮುಚ್ಚಲಾಗದ ಘಾಟಿಗಳು ಇವು. ಹಿಮ ವರ್ಷಕ್ಕೆ ಆರು ತಿಂಗಳು ದಾರಿ ಮುಚ್ಚಿ ಆರು ತಿಂಗಳು ತೆರೆಯುತ್ತಿತ್ತು. ಕಾಗದದ ಗೆರೆ ತೆರೆಯಲಿಲ್ಲ. ಕಾರ್ಗಿಲ್‌ನಿಂದ ಸ್ಕರ್ದು ಇನ್ನೂರು ಕಿಲೋಮೀಟರಿಗೂ ಹತ್ತಿರ. ದಫ್ತರದ ಪೆಟ್ಟಿಗೆಗಳು ಓಡಾಡುತ್ತಿದ್ದ ಊರಿಗೆ ಅಣ್ಣನನ್ನು ನೋಡಲು ತಮ್ಮ ಹೋಗಬೇಕೆಂದರೆ ವೀಸಾ ಪಡೆದು, ಪಂಜಾಬಿನ ಗಡಿ ದಾಟಿ, ಸಾವಿರಾರು ಕಿಲೋಮೀಟರ್ ಸುತ್ತಬೇಕಾಯಿತು. ಆ ವೀಸಾವೂ ಎಷ್ಟು ಜನಕ್ಕೆ ಸಿಗುತ್ತದೆ?

1971ರ ಯುದ್ಧದಲ್ಲಿ ಗೆರೆ ಇನ್ನೊಮ್ಮೆ ಸರಿಯಿತು. ಶ್ಯೋಕ್ ನದಿಯ ಕಣಿವೆಯ ತುರ್ತುಕ್, ತ್ಯಾಕ್ಷಿ, ಚಾಲುಂಕಾ, ಥಾಂಗ್ ಎಂಬ ನಾಲ್ಕು ಬಾಲ್ಟಿ ಹಳ್ಳಿಗಳು ಡಿಸೆಂಬರಿನಲ್ಲಿ ಭಾರತಕ್ಕೆ ಸೇರಿದವು. ರಾತ್ರಿ ಪಾಕಿಸ್ತಾನದಲ್ಲಿ ಮಲಗಿದವರು ಬೆಳಿಗ್ಗೆ ಭಾರತದಲ್ಲಿ ಎದ್ದರು ಎನ್ನುವುದು ಮಾತಿನ ಚಮತ್ಕಾರವಲ್ಲ. ಓದಲು, ಕೂಲಿಗೆ ಎಂದು ಸ್ಕರ್ದು, ಕರಾಚಿಗೆ ಹೋಗಿದ್ದವರು ಆಚೆಗೇ ಉಳಿದರು. ಗಂಡ ಅಲ್ಲಿ, ಹೆಂಡತಿ ಇಲ್ಲಿ. ತಂದೆ ಅಲ್ಲಿ, ಎಳೆಗೂಸು ಇಲ್ಲಿ. ಕಾರ್ಗಿಲ್ ಬಳಿಯ ಹುಂದರ್‌ಮಾನ್ ಎಂಬ ಹಳ್ಳಿಗೂ ಇದೇ ಗತಿ. ಆ ಊರಿನ ಜನ ತಮ್ಮ ಹಳೆಯ ಕಲ್ಲುಮನೆಗಳನ್ನೇ ಈಗ ಸಣ್ಣ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಪಾತ್ರೆ ಪಡಗ, ಬಟ್ಟೆಬರೆಯ ಜತೆಗೆ ಆಚೆಯಿಂದ ಬಂದ ಪತ್ರಗಳೂ ಅಲ್ಲಿವೆ. ಹೆಚ್ಚಿನ ಟೀಕೆ ನಾನು ಮಾಡುವುದಿಲ್ಲ. ಗಡಿ ಕಾಯಬೇಕಾದ್ದು ದೇಶದ ಧರ್ಮ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. 1999ರಲ್ಲಿ ಕಾರ್ಗಿಲ್‌ನ ಬೆಟ್ಟಗಳ ಮೇಲೆ ನಡೆದುದನ್ನು ನಾವು ಮರೆತಿಲ್ಲ. ಆದರೆ ಒಂದು ಪತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ನೋಡಬೇಕಾದ ಮನೆಯವರ ಸಂಕಟವೂ ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲು ಪಡೆಯಬೇಕು.

ದಾರಿ ಮುಚ್ಚಿದ ಮೇಲೆ ಬದುಕು ಬೇರೆ ಕಡೆ ತಿರುಗಿತು. 1960ರ ದಶಕದ ಆರಂಭದಲ್ಲಿ ಶ್ರೀನಗರದಿಂದ ಲೇಹ್‌ಗೆ ಮೋಟಾರು ರಸ್ತೆಯಾಯಿತು. ಕುದುರೆ ಹೋಗಿ ಲಾರಿ ಬಂತು. ಬಾರ್ಲಿಯ ಜಾಗಕ್ಕೆ ಪಡಿತರದ ಅಕ್ಕಿ ಬಂತು. ಸೈನ್ಯ ದೊಡ್ಡ ಉದ್ಯೋಗದಾತನಾಯಿತು. 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಎಲ್ಲವೂ ಸುಖವಾಗಿಯೇ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. 1989ರಿಂದ 1992ರವರೆಗೆ ಲೇಹ್‌ನಲ್ಲಿ ಬೌದ್ಧರು ಮುಸ್ಲಿಮರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದ ಕಹಿ ಕಾಲವೂ ಬಂದು ಹೋಯಿತು. ಒಂದೇ ವಂಶದ ಎರಡು ಕವಲುಗಳು ಮಾತು ಬಿಟ್ಟವು. 2019ರ ಅಕ್ಟೋಬರ್ 31ರಂದು ಲಡಾಖ್ ಕೇಂದ್ರಾಡಳಿತ ಪ್ರದೇಶವಾದ ಮೇಲೆ, ತಮ್ಮ ನೆಲ ಮತ್ತು ನೌಕರಿಗೆ ರಕ್ಷಣೆ ಬೇಕೆಂದು ಲೇಹ್‌ನ ಬೌದ್ಧರೂ ಕಾರ್ಗಿಲ್‌ನ ಮುಸ್ಲಿಮರೂ ಒಂದೇ ವೇದಿಕೆಗೆ ಬಂದರು. ಬೆಟ್ಟದ ಹವೆಯೂ ಬದಲಾಗುತ್ತಿದೆ. 2010ರ ಆಗಸ್ಟ್ 5ರ ರಾತ್ರಿ ಮಳೆಯೇ ಕಾಣದ ಲೇಹ್‌ನ ಮೇಲೆ ಮೋಡ ಒಡೆದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಬಿಸಿಲಿಗೆ ಒಣಗಿಸಿದ ಇಟ್ಟಿಗೆಯ ಮನೆಗಳು ಆ ನೀರನ್ನು ಹೇಗೆ ತಡೆದಾವು?

ಕಾರ್ಗಿಲ್‌ನಲ್ಲಿ ಮುನ್ಷಿ ಅಜೀಜ್ ಭಟ್ ಎಂಬ ವರ್ತಕರು 1920ರಲ್ಲಿ ಮೂರು ಅಂತಸ್ತಿನ ಒಂದು ಸರಾಯ್ ಕಟ್ಟಿಸಿದ್ದರು. ಯಾರ್ಕಂದ್, ಲಾಸಾ, ಪಂಜಾಬುಗಳ ವ್ಯಾಪಾರಿಗಳು ಅಲ್ಲಿ ತಂಗುತ್ತಿದ್ದರು. ಅಜೀಜ್ ಭಟ್ಟರು 1948ರಲ್ಲಿ ತೀರಿಕೊಂಡರು. ಮರುವರ್ಷ ದಾರಿಗಳೂ ಮುಚ್ಚಿದವು. ಸರಾಯ್‌ಗೆ ಬೀಗ ಬಿತ್ತು. ಎಷ್ಟೋ ದಶಕಗಳ ನಂತರ ಮನೆಯವರು ತೆರೆದು ನೋಡಿದರೆ ಮಾರದೆ ಉಳಿದ ಸರಕು ಹಾಗೇ ಇತ್ತು. ಜಮಖಾನೆ, ಕುದುರೆಯ ಜೀನು, ನಾಣ್ಯ, ಲೆಕ್ಕದ ಕಾಗದಗಳು. 2004ರಿಂದ ಅದೂ ಒಂದು ವಸ್ತುಸಂಗ್ರಹಾಲಯ.

ಇನ್ನು ಆ ಹುಡುಗನ ಒಂಟೆಗಳು. ಎರಡು ಡುಬ್ಬಗಳ ಈ ಒಂಟೆ ಮಧ್ಯ ಏಷ್ಯಾದ್ದು, ಮೈತುಂಬ ಕೂದಲು, ಚಳಿಗೆ ಜಗ್ಗುವುದಿಲ್ಲ. ಯಾರ್ಕಂದ್ ವರ್ತಕರು ಸರಕು ಹೊರಿಸಿಕೊಂಡು ಅವನ್ನು ನುಬ್ರಾ ಕಣಿವೆಗೆ ತರುತ್ತಿದ್ದರು. ದಾರಿ ಮುಚ್ಚಿದಾಗ ಈಚೆ ಕಡೆ ಉಳಿದವು ಉಳಿದೇಬಿಟ್ಟವು. ಕೆಲಸವಿಲ್ಲದ ಒಂಟೆಯನ್ನು ಸಾಕುವವರು ಯಾರು? ಬಹುಕಾಲ ಅವು ಶ್ಯೋಕ್ ನದಿಯ ದಂಡೆಯ ಮುಳ್ಳುಪೊದೆಗಳಲ್ಲಿ ಮೇಯುತ್ತ ಅಲೆದವು. ನುಬ್ರಾ ಕಣಿವೆ ಪ್ರವಾಸಿಗರಿಗೆ ತೆರೆದ ಮೇಲೆ ಹುಂದರ್ ಹಳ್ಳಿಯವರು ಅವಕ್ಕೆ ಮತ್ತೆ ಮೂಗುದಾರ ಹಾಕಿದರು. ಈಗ ಮರಳಿನ ಮೇಲೆ ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತವೆ.

ಇಷ್ಟನ್ನೂ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಭೂಪಟವನ್ನೇ ನೋಡಿದ. ಆಮೇಲೆ, "ಈಗಿನ ಒಂಟೆಗಳಿಗೆ ಯಾರ್ಕಂದ್ ದಾರಿ ಗೊತ್ತಿದೆಯಾ ಸರ್?" ಎಂದ. ಇಲ್ಲಪ್ಪಾ, ಇವು ಇಲ್ಲೇ ಹುಟ್ಟಿದವು ಎಂದೆ.